ಮಣ್ಣು ತುಳಿದ ಮೂರನೆಯವಳು

ಪೆರ್ಸಿದಾ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳ ಸಾಮಾನಿನ ಗಂಟಿನಲ್ಲಿ ಹೊಸ ತಗಡಿನ ತಟ್ಟೆಯೊಂದಿತ್ತು. ತವರಿನವರು ಪ್ರೀತಿಯಿಂದ ಕೊಟ್ಟದ್ದು, ಪಾಪ. ಅದೇ ಅವಳಿಗೆ ಮುಳುವಾಯಿತು. ಅವಳ ತವರಾದ ತಿಮೋಕ್ ಹೊಳೆಯ ಬಯಲಿನವರು ರೊಟ್ಟಿಯನ್ನು ತಗಡಿನಲ್ಲಿ ಸುಡುತ್ತಾರೆ. ಗುಡ್ಡದ ಮೇಲಿನ ನಾವು ಸುಡುವುದು ಮಣ್ಣಿನ ಹಂಚಿನಲ್ಲಿ. ದಪ್ಪನೆಯ, ಅಂಚು ಎತ್ತಿದ ಹಂಚು. ಅದನ್ನು ಕೆಂಡದ ಮೇಲೆ ಕಾಯಿಸಿ, ನಾದಿದ ಹಿಟ್ಟನ್ನು ಒಳಗೆ ಹಾಕಿ, ಕಬ್ಬಿಣದ ಮುಚ್ಚಳ ಮುಚ್ಚಿ, ಮೇಲೂ ಕೆಂಡ ಹರಡಿದರೆ ರೊಟ್ಟಿ ಉಬ್ಬುತ್ತದೆ. ಈ ಹಂಚನ್ನು ಕುಂಬಾರ ಮಾಡುವುದಿಲ್ಲ, ಸಂತೆಯಲ್ಲಿ ಮಾರುವುದಿಲ್ಲ, ಒಬ್ಬರ ಮನೆಯದನ್ನು ಇನ್ನೊಬ್ಬರು ಎರವಲು ಕೇಳುವುದೂ ಇಲ್ಲ. ಮೇ ತಿಂಗಳಲ್ಲಿ ಯೆರೆಮಿಯಾ ಸಂತನ ದಿನ ಮಕ್ಕಳು ಡಬ್ಬ ಬಡಿದು ಹಾವು ಓಡಿಸುತ್ತ ಊರು ಸುತ್ತುವಾಗ, ಮನೆಯ ಹೆಂಗಸರು ಅಂಗಳದಲ್ಲಿ ಬರಿಗಾಲಲ್ಲಿ ಮಣ್ಣು ತುಳಿದು ತಮ್ಮ ಹಂಚನ್ನು ತಾವೇ ಮಾಡಿಕೊಳ್ಳಬೇಕು.

ಅತ್ತೆ ತೊಮಾನಿಯಾ ಆ ತಗಡಿನ ತಟ್ಟೆಯನ್ನು ಬೆರಳಿನಿಂದ ಟಣ್ ಎಂದು ಬಾರಿಸಿ, "ಕೋಳಿಗೆ ನೀರಿಡೋಕೆ ಚೆನ್ನಾಗಿದೆ" ಅಂದಳು. ಅಂದಿನಿಂದ ಪೆರ್ಸಿದಾಳಿಗೆ ‘ತಗಡಿನ ರೊಟ್ಟಿಯವಳು’ ಎಂದೇ ಹೆಸರಾಯಿತು. ಬೇಲಿಯಾಚೆಯ ಮನೆ ನನ್ನದು. ಆ ಮಾತು ನನ್ನ ಕಿವಿಗೆ ಬೀಳದ ದಿನವಿರಲಿಲ್ಲ.

ತೊಮಾನಿಯಾಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಸತ್ತವಳ ಬಗ್ಗೆ ಹಾಗನ್ನಬಾರದು ಅನ್ನುವವರು ಅನ್ನಲಿ, ಅವಳ ನಾಲಗೆಯ ರುಚಿ ನೋಡಿದವಳು ನಾನು. ಆದರೆ ಅವಳ ಹಂಚಿಗೆ ಎದುರಿರಲಿಲ್ಲ. ಯುದ್ಧದ ಚಳಿಗಾಲದಲ್ಲಿ ಅವಳ ಎಡಗಾಲಿನ ಕಿರುಬೆರಳು ಹಿಮಕ್ಕೆ ಕೊಳೆತು ಉದುರಿಹೋಗಿತ್ತು. ಆ ನಾಲ್ಕು ಬೆರಳಿನ ಪಾದವನ್ನು ಊರಿ ಅವಳು ಮಣ್ಣು ತುಳಿಯಲು ಶುರುಮಾಡಿದರೆ ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ಬರುತ್ತಿದ್ದಳು, ಒಂದು ಹೆಜ್ಜೆಯೂ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ಇನ್ನೊಂದು ಚಾಳಿ ಅವಳದು: ರೊಟ್ಟಿ ಹಂಚಿನಿಂದ ಇಳಿದ ಕೂಡಲೇ, ಬಿಸಿ ಆರುವ ಮೊದಲೇ, ಅಂಚಿನಿಂದ ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಳ್ಳುವುದು. ಆಮೇಲೆ ಇನ್ನೊಂದು ಚೂರು ಚಿವುಟಿ ಮೊಮ್ಮಗಳು ರುಮೆನಾಳ ಬಾಯಿಗೆ. ಮನೆಯ ಗಂಡಸಿಗೂ ಅದಾದ ಮೇಲೆಯೇ.

ಸೊಸೆಗೆ ಮಾತ್ರ ಅವಳು ಮಣ್ಣು ಮುಟ್ಟಲು ಬಿಡಲಿಲ್ಲ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಏನಾದರೊಂದು ನೆವ ಹುಡುಕಿ ಪೆರ್ಸಿದಾಳನ್ನು ಗುಡ್ಡದಾಚೆ ಮೇಕೆ ಹೊಡೆದುಕೊಂಡು ಹೋಗು ಅಂತ ಅಟ್ಟುತ್ತಿದ್ದಳು. ಒಮ್ಮೆ ಹುಡುಗಿ ಧೈರ್ಯ ಮಾಡಿ, ನಾನೂ ತುಳಿಯಲೇ ಎಂದು ಕೇಳಿಯೇಬಿಟ್ಟಳು. ತೊಮಾನಿಯಾ ಅವಳ ಪಾದಗಳನ್ನು ನೋಡಿ, "ಬೂಟು ಹಾಕಿ ಬೆಳೆದ ಕಾಲು. ಮಣ್ಣು ನಿನ್ನ ಗುರುತು ಹಿಡಿಯಲ್ಲ ಕಣೇ" ಅಂದಳು. ಅವತ್ತು ಸಂಜೆ ಬೇಲಿಯ ಹತ್ತಿರ ನಿಂತು ಪೆರ್ಸಿದಾ ಅತ್ತದ್ದನ್ನು ನಾನು ಕಂಡಿದ್ದೇನೆ. ಹುಡುಗಿಯ ಮೇಲೆ ನನಗೆ ಮನಸ್ಸು ಕರಗಿದ್ದು ಆವಾಗಲೇ.

ತೊಮಾನಿಯಾ ಸತ್ತದ್ದು ಫೆಬ್ರವರಿಯಲ್ಲಿ, ನೆಲ ಹೆಪ್ಪುಗಟ್ಟಿದ್ದಾಗ. ಒಲೆಯ ಮುಂದೆ ಕೂತವಳು ಕೂತ ಹಾಗೆಯೇ ಹೋದಳು, ಮಡಿಲಲ್ಲಿ ರುಮೆನಾ ನಿದ್ದೆ ಮಾಡುತ್ತಿದ್ದಳು. ಮಗುವಿಗೆ ಆಗ ಐದು ತುಂಬಿರಲಿಲ್ಲ. ಎಷ್ಟು ಹೊತ್ತು ಅದು ಸತ್ತವಳ ಮಡಿಲಲ್ಲಿ ಮಲಗಿತ್ತೋ ಯಾರಿಗೂ ತಿಳಿಯದು.

ಹೆಣ ಹೊಸ್ತಿಲು ದಾಟಿದ ಮೇಲೆ ಮನೆಯ ಹೆಂಗಸು ಒಂದು ಮಣ್ಣಿನ ಪಾತ್ರೆಯನ್ನು ಹೊಸ್ತಿಲಿಗೆ ಅಪ್ಪಳಿಸಿ ಒಡೆಯಬೇಕು. ಇದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಆ ಸದ್ದು ಕೇಳಿದರೆ ಹೋದವರಿಗೆ ತಿಳಿಯುತ್ತದೆ, ಈ ಮನೆಯಲ್ಲಿ ತನ್ನ ಊಟ ಮುಗಿಯಿತು ಅಂತ. ತನ್ನ ಕೈಯಲ್ಲಿ ಹಂಚು ಮಾಡಿದವಳು ಹೋದರೆ ಒಡೆಯಬೇಕಾದದ್ದು ಅವಳದೇ ಹಂಚು. ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. ಪೆರ್ಸಿದಾ ಒಳಗೆ ಹೋದಳು, ಹೊರಗೆ ಬಂದಳು, ಕೈಯಲ್ಲಿದ್ದದ್ದನ್ನು ಹೊಸ್ತಿಲಿಗೆ ಬಡಿದಳು. ಫಳ್ ಎಂದು ತೆಳ್ಳನೆಯ ಸದ್ದಾಯಿತು. ಕೆಳಗೆ ನೋಡಿದರೆ ಬಿಳಿ ಚೂರುಗಳು, ಒಂದರ ಮೇಲೆ ನೀಲಿ ಹೂವು. ಪೇಟೆಯಿಂದ ತಂದ ಪಿಂಗಾಣಿ ತಟ್ಟೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾದ್ರಿ ಮುಂದೆ ಹೋಗಿದ್ದರು, ಹೆಣ ನಿಲ್ಲಿಸುವ ಹಾಗಿರಲಿಲ್ಲ. ಪೆರ್ಸಿದಾ ಹಾಗೇಕೆ ಮಾಡಿದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಮನೆಯಲ್ಲಿದ್ದದ್ದು ಅದೊಂದೇ ಹಂಚು. ಅದನ್ನು ಒಡೆದರೆ ಇನ್ನೊಂದು ಮಾಡಲು ಅವಳಿಗೆ ಬರುತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ತಟ್ಟೆಯೂ ಒಡೆಯುವಂಥದ್ದೇ ತಾನೆ, ಬಯಲಿನವಳಿಗೆ ಅಷ್ಟೇ ಹೊಳೆದದ್ದು. ಆದರೆ ತೊಮಾನಿಯಾ ಬದುಕಿದ್ದಾಗಲೇ ಪಿಂಗಾಣಿಯ ಸದ್ದಿಗೆ ತಿರುಗಿ ನೋಡಿದವಳಲ್ಲ.

ಮರುದಿನ ಪೆರ್ಸಿದಾ ಆ ಹಂಚಿನಲ್ಲಿ ರೊಟ್ಟಿ ಸುಟ್ಟಳು. ಮುಚ್ಚಳ ತೆಗೆದಾಗ ರೊಟ್ಟಿಯ ಅಂಚಿನಲ್ಲಿ ಒಂದು ಚೂರು ಇರಲಿಲ್ಲ. ಹಿಟ್ಟು ಹರಿದಿರಬೇಕು ಅಂದುಕೊಂಡಳು. ಅದರ ಮರುದಿನವೂ ಇರಲಿಲ್ಲ. ಒಂದು ದಿನ ನನ್ನನ್ನು ಕರೆದಳು. ನನ್ನ ಕಣ್ಣೆದುರಿಗೇ ಹಿಟ್ಟು ಹಾಕಿ, ಮುಚ್ಚಿ, ಕೆಂಡ ಹರಡಿದಳು. ನಾವಿಬ್ಬರೂ ಒಲೆಯ ಮುಂದಿನಿಂದ ಕದಲಲಿಲ್ಲ. ಮುಚ್ಚಳ ತೆಗೆದದ್ದು ನಾನು. ರೊಟ್ಟಿ ಹೊಂಬಣ್ಣಕ್ಕೆ ಬೆಂದಿತ್ತು, ಅಂಚಿನಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟಿದಷ್ಟು ಜಾಗ ಬೋಳಾಗಿತ್ತು. ಚಿವುಟಿದ ಕಡೆ ಒಳಗಿನ ಬಿಳಿ ಕಾಣುತ್ತಿತ್ತು, ಹಬೆ ಆಡುತ್ತಿತ್ತು. ಪೆರ್ಸಿದಾ ನನ್ನ ಲಂಗದ ತುದಿ ಹಿಡಿದುಕೊಂಡಿದ್ದಳು.

ಅದೊಂದೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಚಿಟಿಕೆ ರೊಟ್ಟಿ ತಾನೆ, ತಿನ್ನಲಿ ಬಿಡು ಅಂತ ನಾನೇ ಅಂದಿದ್ದೆ. ಆದರೆ ರುಮೆನಾ ತನ್ನ ಪಾಲಿನ ರೊಟ್ಟಿಯನ್ನು ಮುರಿದು ಅರ್ಧವನ್ನು ಹೊಸ್ತಿಲ ಮೇಲೆ ಇಟ್ಟು ಬರತೊಡಗಿದಳು. ಯಾರಿಗೆ ಅಂತ ಕೇಳಿದರೆ ಅಜ್ಜಿಗೆ ಅನ್ನುತ್ತಿದ್ದಳು. ಮೊದಮೊದಲು ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಬರೇ ಒಂದು ಕಚ್ಚು ತಾನು ತಿಂದು ಉಳಿದದ್ದೆಲ್ಲ ಹೊಸ್ತಿಲಿಗೆ. ಅವರ ನಾಯಿ ಆ ರೊಟ್ಟಿಯನ್ನು ಮೂಸಲೂ ಹತ್ತಿರ ಬರುತ್ತಿರಲಿಲ್ಲ, ಆದರೂ ಬೆಳಗಾದರೆ ಹೊಸ್ತಿಲು ಬರಿದು. ಪೆರ್ಸಿದಾ ತವರಿನ ತಗಡಿನ ತಟ್ಟೆ ತೆಗೆದು ಅದರಲ್ಲಿ ಸುಟ್ಟು ನೋಡಿದಳು. ಮಗು ಅದನ್ನು ಬಾಯಿಗೇ ಹಾಕಲಿಲ್ಲ.

ಮಾರ್ಚ್ ಮುಗಿಯುವಾಗ ಮಗುವಿನ ಕೈಗಳು ಕಡ್ಡಿಯಾಗಿದ್ದವು. ಪೇಟೆಯ ಡಾಕ್ಟರು ನಾಲಗೆ ನೋಡಿ, ಕಣ್ಣು ನೋಡಿ, ಏನೂ ಇಲ್ಲವೆಂದು ಟಾನಿಕ್ ಬರೆದುಕೊಟ್ಟರು. ಪೆರ್ಸಿದಾಳ ಗಂಡ ಲ್ಯುಬಿಸಾವ್ ತಾಮ್ರದ ಗಣಿಯಲ್ಲಿ ಕೆಲಸಕ್ಕಿದ್ದ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಅಜ್ಜಿಯ ಹಂಬಲದಲ್ಲಿ ಮಗು ಸೊರಗಿದೆ, ಬೇಸಿಗೆ ಬಂದರೆ ಸರಿಹೋಗುತ್ತದೆ ಅನ್ನುತ್ತಿದ್ದ. ಗಂಡಸರಿಗೆ ಎಲ್ಲವೂ ಬೇಸಿಗೆ ಬಂದರೆ ಸರಿಹೋಗುತ್ತದೆ.

ಒಂದು ದಿನ ಮಗು ಬೇಲಿಯ ಹತ್ತಿರ ಆಡುತ್ತಿದ್ದಾಗ ನಾನು ಮಾತಿಗೆಳೆದೆ. ಅಜ್ಜಿ ಎಲ್ಲಿದಾಳೆ ಪುಟ್ಟಿ ಅಂದೆ.

"ಮನೇಲೇ" ಅಂದಳು, ಗೊಂಬೆಗೆ ಹುಲ್ಲು ಸುತ್ತುತ್ತ. "ಒಲೆ ಹತ್ರ. ಅವಳಿಗೆ ಹಸಿವು. ಎಷ್ಟು ಕೊಟ್ರೂ ಸಾಲಲ್ಲ. ನಾನು ಅವಳ ಮಡಿಲಲ್ಲಿ ಮಲಗಿದ್ರೆ ಸಾಲುತ್ತಂತೆ."

ನಾನು ನೇರವಾಗಿ ಪೆರ್ಸಿದಾಳ ಬಳಿ ಹೋಗಿ ಹೇಳಬೇಕಾದ್ದನ್ನು ಹೇಳಿದೆ. ಸತ್ತವಳನ್ನು ಕಳಿಸಿಕೊಟ್ಟಿಲ್ಲ. ಅವಳಿಗೆ ಹೊರಡಬೇಕೆಂದೇ ಗೊತ್ತಾಗಿಲ್ಲ, ತನ್ನ ಹಂಚು ಒಲೆಯ ಮೇಲಿರುವವರೆಗೆ ಅದು ತನ್ನದೇ ಮನೆ ಅಂದುಕೊಂಡಿದ್ದಾಳೆ. ಆ ಹಂಚನ್ನು ಹೊಸ್ತಿಲ ಮೇಲೆ ಒಡೆಯಬೇಕು. ಪೆರ್ಸಿದಾ ತಕ್ಷಣ ಒಲೆಯತ್ತ ಹೊರಟಳು, ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ಹೆಣದ ಹಿಂದೆಯೇ ಒಡೆದಿದ್ದರೆ ಅದರ ಮಾತು ಬೇರೆ. ಈಗ ಹೊತ್ತು ಮೀರಿದೆ. ಒಲೆ ಬರಿದಾಗಿದ್ದರೆ ಹೋಗುವವಳು ಒಲೆಯನ್ನೂ ಜೊತೆಗೆ ಕೊಂಡೊಯ್ಯುತ್ತಾಳೆ, ಒಲೆಯ ಜೊತೆ ಯಾರನ್ನು ಕೊಂಡೊಯ್ಯುತ್ತಾಳೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಈ ಮನೆಯ ಹೆಂಗಸಿನ ಕೈಯಿಂದ ಆದ ಹೊಸ ಹಂಚು ಬೇಕು. ಅದರಲ್ಲಿ ಸುಟ್ಟ ರೊಟ್ಟಿ ಮಗುವಿನ ಹೊಟ್ಟೆಗೆ ಬಿದ್ದ ಮೇಲೆ ಹಳೆಯದನ್ನು ಒಡೆಯಬೇಕು.

"ನಂಗೆ ಬರಲ್ವಲ್ಲ ಯಾಗೊದಕ್ಕ" ಅಂದಳು ಪೆರ್ಸಿದಾ. "ಅವರು ನಂಗೆ ಒಂದು ಹಿಡಿ ಮಣ್ಣೂ ಮುಟ್ಟೋಕೆ ಬಿಟ್ಟಿಲ್ಲ."

ಯೆರೆಮಿಯಾನ ದಿನದವರೆಗೆ ಕಾಯಲು ಅವಳಿಗೆ ಮನಸ್ಸಾಗಲಿಲ್ಲ. ಏಪ್ರಿಲಿನಲ್ಲಿ ಯಾರಿಗೂ ಹೇಳದೆ ಹೊಳೆಯ ದಂಡೆಯಿಂದ ಮಣ್ಣು ತಂದು, ಒಂದಷ್ಟು ನೀರು ಹಾಕಿ, ದನದ ಕೊಟ್ಟಿಗೆಯಲ್ಲಿ ಕೈಯಿಂದಲೇ ನಾದಿ, ಹಂಚಿನ ಆಕಾರ ಮಾಡಿ ಬಿಸಿಲಿಗಿಟ್ಟಳು. ಮಧ್ಯಾಹ್ನದೊಳಗೆ ಅದು ಒಣಗಿದ ಕೆರೆಯ ತಳದ ಹಾಗೆ ಬಿರಿದಿತ್ತು. ಮತ್ತೆ ಮಾಡಿದಳು, ಮತ್ತೆ ಬಿರಿಯಿತು. ಕೊನೆಗೆ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮನೆಗೆ ಬಂದಳು. ನಾನು ಚೆನ್ನಾಗಿ ಬೈದೆ. ಹೊಳೆಯ ಮಣ್ಣಲ್ಲಿ ಮರಳು, ಅದಕ್ಕೆ ಹಿಡಿತವಿಲ್ಲ. ಮೇಕೆಯ ಕೂದಲು ಹಾಕಿಲ್ಲ, ಹೊಟ್ಟು ಹಾಕಿಲ್ಲ, ಸಗಣಿ ಹಾಕಿಲ್ಲ. ಬಿಸಿಲಿಗೆ ಇಡುತ್ತಾರೆಯೇ ಯಾರಾದರೂ. ಬೈಯುವಾಗ ನನಗೇ ಅರಿವಾಯಿತು, ಇಷ್ಟು ದಿನದಲ್ಲಿ ಅವಳಿಗೆ ಇದನ್ನೆಲ್ಲ ಹೇಳಿಕೊಟ್ಟ ಮೊದಲನೆಯವಳು ನಾನು.

ಇನ್ನೊಂದು ತೊಡಕಿತ್ತು. ಸೂತಕದ ಮನೆಯಲ್ಲಿ ವರ್ಷ ತುಂಬುವವರೆಗೆ ಮಣ್ಣು ತುಳಿಯುವಂತಿಲ್ಲ, ತುಳಿಯಲು ಹೋದವರ ಮನೆಗೂ ಕೇಡು ಅಂಟುತ್ತದೆ ಅನ್ನುತ್ತಾರೆ. ಪೆರ್ಸಿದಾ ಮನೆಮನೆಗೆ ಹೋಗಿ ಕರೆದಳು. ಒಬ್ಬಳಿಗೆ ಸೊಂಟ ನೋವು, ಒಬ್ಬಳಿಗೆ ನೆಂಟರು. ಮಣ್ಣು ತುಳಿಯಲು ಮೂವರಾದರೂ ಇರಬೇಕು. ಇಬ್ಬರು ತುಳಿದದ್ದು ಎರಡು ಹೋಳಾಗುತ್ತದೆ ಅಂತ ನಂಬಿಕೆ. ಬಂದವಳು ನಾನೊಬ್ಬಳು. ಹೆದರಿಕೆ ನನಗೂ ಇತ್ತು, ನನಗೂ ಮಕ್ಕಳಿದ್ದರು. ಆದರೆ ಬೇಲಿಯಾಚೆ ಒಂದು ಮಗು ಕರಗುತ್ತ ಹೋಗುವುದನ್ನು ನೋಡುತ್ತ ನಾನು ಸೊಂಟ ನೋವು ಅನ್ನಲಾರೆ.

ಯೆರೆಮಿಯಾನ ದಿನ ಊರ ಮಕ್ಕಳ ಡಬ್ಬದ ಸದ್ದು ದೂರದಲ್ಲಿ ಕೇಳುತ್ತಿತ್ತು, ಆ ಮನೆಯ ಮುಂದೆ ಮಾತ್ರ ಯಾರೂ ಹಾಯಲಿಲ್ಲ. ನಾನು ಪೆರ್ಸಿದಾಳನ್ನು ಗುಡ್ಡದ ಬೆನ್ನಿನ ಕೆಂಪು ಕಣಿವೆಗೆ ಕರೆದೊಯ್ದು ಜಿಗುಟು ಮಣ್ಣು ಯಾವುದೆಂದು ಬೆರಳ ನಡುವೆ ಉಜ್ಜಿ ತೋರಿಸಿದ್ದೆ. ಅದನ್ನು ಒಡೆದು, ಕಲ್ಲು ಬೇರು ಆರಿಸಿ, ಅಂಗಳದಲ್ಲಿ ಹರಡಿ, ನೀರು ಚಿಮುಕಿಸಿ, ಹೊಟ್ಟು ಸಗಣಿ ಬೆರೆಸಿ, ಮೇಕೆಯ ಕೂದಲನ್ನು ಸಣ್ಣಗೆ ಕತ್ತರಿಸಿ ಉದುರಿಸಿದೆವು. ಪೆರ್ಸಿದಾ ಬೂಟು ಕಳಚಿದಳು. ಅವಳ ಪಾದ ನಿಜಕ್ಕೂ ಬೆಳ್ಳಗೆ, ಮೆತ್ತಗೆ ಇತ್ತು. ಮೊದಲ ಹೆಜ್ಜೆಗೆ ಜಾರಿ ಕೂತೇಬಿಟ್ಟಳು. ರುಮೆನಾ ಕಂಬಳಿ ಹೊದ್ದು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು, ಅವಳಿಗೆ ನಗಲೂ ಶಕ್ತಿ ಇರಲಿಲ್ಲ.

ಸಂಜೆಯವರೆಗೆ ತುಳಿದೆವು. ಮಣ್ಣು ಹದಕ್ಕೆ ಬರಲೇ ಇಲ್ಲ. ಒತ್ತಿದರೆ ಒಡೆಯುತ್ತಿತ್ತು, ನೀರು ಹಾಕಿದರೆ ರಾಡಿಯಾಗುತ್ತಿತ್ತು. ನನ್ನ ಮೊಣಕಾಲು ಸತ್ತುಹೋಗಿತ್ತು. ನಾಳೆ ನೋಡೋಣ ಎಂದು ಮಣ್ಣಿನ ಮೇಲೆ ಒದ್ದೆ ಗೋಣಿ ಹೊದಿಸಿ, ದೃಷ್ಟಿ ತಾಗದಿರಲೆಂದು ತುರಿಕೆ ಸೊಪ್ಪು ಹರಡಿ, ನಾಯಿಯನ್ನು ಪಕ್ಕದಲ್ಲಿ ಕಟ್ಟಿ ನಮ್ಮ ನಮ್ಮ ಮನೆಗೆ ಹೋದೆವು.

ಬೆಳಗಾಗುತ್ತಲೇ ಪೆರ್ಸಿದಾ ಬೇಲಿಯಾಚೆಯಿಂದ ನನ್ನ ಹೆಸರು ಕೂಗಿದಳು. ಕೂಗು ಅಂದರೆ ದೊಡ್ಡದಲ್ಲ, ಉಸಿರಿನಲ್ಲಿ ಕರೆದ ಹಾಗಿತ್ತು. ನಾನು ಹೋದೆ. ತುರಿಕೆ ಸೊಪ್ಪನ್ನು ಯಾರೋ ಒಂದು ಬದಿಗೆ ಒಟ್ಟಿದ್ದರು. ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಗಳನ್ನು ಒಳಗೆ ಸೇರಿಸಿ ಕಟ್ಟೆಯ ಮೇಲಿಟ್ಟಿದ್ದರು. ಹಾಗೆ ಗೋಣಿ ಮಡಿಸುತ್ತಿದ್ದವಳು ಊರಲ್ಲೇ ಒಬ್ಬಳು. ನಾಯಿ ಹಗ್ಗದ ತುದಿಯವರೆಗೆ ಸರಿದು ಗೋಡೆಗೆ ಅಂಟಿಕೊಂಡು ಕೂತಿತ್ತು. ಮಣ್ಣಿನ ಮೇಲೆ ನಮ್ಮಿಬ್ಬರ ತುಳಿತದ ಗಜಿಬಿಜಿ ಅಳಿಸಿಹೋಗಿತ್ತು. ಅದರ ಬದಲು ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ಹೆಜ್ಜೆಗಳು, ಒಂದರ ಮೇಲೊಂದು ಬೀಳದೆ. ಎಡಗಾಲಿನವೆಲ್ಲ ನಾಲ್ಕು ಬೆರಳಿನವು. ಹೆಜ್ಜೆಗಳು ನಡುವಿನವರೆಗೆ ಬಂದಿದ್ದವು. ಅಲ್ಲಿಂದ ಹೊರಗೆ ಹೋದ ಗುರುತಿರಲಿಲ್ಲ.

ಈ ಮಣ್ಣನ್ನು ಎತ್ತಿ ಕಣಿವೆಗೆ ಎಸೆಯೋಣ, ಪಾದ್ರಿಯನ್ನು ಕರೆಸೋಣ ಅಂದೆ. ಪೆರ್ಸಿದಾ ಬಗ್ಗಿ ಅಂಚಿನಿಂದ ಒಂದು ಉಂಡೆ ಕಿತ್ತು ಒತ್ತಿ ನೋಡಿದಳು. ಅದು ನಾದಿದ ಹಿಟ್ಟಿನಷ್ಟು ಹದವಾಗಿತ್ತು. ಎಳೆದರೆ ಬರುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಅವಳು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಬೂಟು ಕಳಚಿ, ಆ ಮೊದಲ ಹೆಜ್ಜೆಯೊಳಗೆ ತನ್ನ ಪಾದವನ್ನಿಟ್ಟಳು. ಎರಡನೆಯದರಲ್ಲಿ ಎರಡನೆಯದು. ಹಾಗೆ ಒಂದೊಂದರಲ್ಲೂ ಕಾಲಿಟ್ಟು ನಡುವಿನವರೆಗೆ ಹೋದಳು, ಎಷ್ಟು ಒತ್ತಬೇಕು, ಎಲ್ಲಿ ತಿರುಗಬೇಕು ಅಂತ ಕಾಲಿನಿಂದಲೇ ತಿಳಿದುಕೊಳ್ಳುತ್ತ. ನಡುವೆ ನಿಂತು ಒಲೆಯ ಕಡೆ ಮುಖ ಮಾಡಿದಳು.

"ತುಳಿದು ಕೊಟ್ರಲ್ಲ ಅತ್ತೆ, ಸಾಕು" ಅಂದಳು. "ಇನ್ನು ಕೈ ನಂದು."

ನಾನು ಎಸೆಯುವ ಮಾತು ಮತ್ತೆ ಎತ್ತಲಿಲ್ಲ. ನೆಲದ ಮೇಲೆ ಬೂದಿ ಉದುರಿಸಿ ಅದರ ಮೇಲೆ ಮಣ್ಣನ್ನು ತಟ್ಟಿ ಅಗಲ ಮಾಡಿದಳು, ಒದ್ದೆ ಕೈಯಿಂದ ಅಂಚು ಎತ್ತಿದಳು, ಒಣಗುವಾಗ ಬಿರಿಯದಿರಲೆಂದು ನಡುವೆ ಬೆರಳು ಚುಚ್ಚಿ ತೂತು ಮಾಡಿದಳು, ನಾಲ್ಕು ಬೆರಳಿನಿಂದ ಈ ಅಂಚಿನಿಂದ ಆ ಅಂಚಿಗೆ ಶಿಲುಬೆಯ ಗೆರೆ ಎಳೆದಳು. ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನೋಡಲು ಚೆಂದವೇನೂ ಇರಲಿಲ್ಲ. ನಾನು ಹಾಗಂದದ್ದಕ್ಕೆ, ಮಗು ತಿಂದರೆ ಸಾಕು ಅಂದಳು.

ಒಣಗಲು ಬಿಡಬೇಕಾದದ್ದು ನೆರಳಲ್ಲಿ, ವಾರಗಟ್ಟಲೆ. ಅವಸರ ಮಾಡುವಂತಿಲ್ಲ. ಕೊಟ್ಟಿಗೆಯಲ್ಲಿ ಹಂಚು ಒಣಗುತ್ತಿತ್ತು, ಒಳಗೆ ರುಮೆನಾಳೂ ಒಣಗುತ್ತಿದ್ದಳು. ಪೆರ್ಸಿದಾ ಎರಡರ ನಡುವೆ ಓಡಾಡುತ್ತಿದ್ದಳು. ಸಂಜೆ ಹಂಚಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಬೆಳಿಗ್ಗೆ ಅದು ಇರುತ್ತಿರಲಿಲ್ಲ. ಯಾರೋ ಒದ್ದೆ ಹೆಬ್ಬೆರಳಿನಿಂದ ಸವರಿದ ಗುರುತು ಮಾತ್ರ ಇರುತ್ತಿತ್ತು. ತಾನು ಸವರಿಲ್ಲ ಅಂತ ಪೆರ್ಸಿದಾ ಆಣೆ ಮಾಡಿದಳು. ಇತ್ತ ಮಗು ಏಳುವುದನ್ನೇ ಬಿಟ್ಟು ಒಲೆಯ ಮುಂದಿನ ತೊಮಾನಿಯಾಳ ಚಾಪೆಯಲ್ಲಿ ಮಲಗಲು ಹಟ ಮಾಡುತ್ತಿತ್ತು. ಅಲ್ಲಿ ಮಲಗಿದಾಗ ಅದರ ತಲೆ ನೆಲಕ್ಕೆ ತಾಗುತ್ತಿರಲಿಲ್ಲ, ಮಡಿಲಿನ ಮೇಲಿದ್ದ ಹಾಗೆ ಸ್ವಲ್ಪ ಎತ್ತರದಲ್ಲಿ ನಿಂತಿರುತ್ತಿತ್ತು. ಇದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ.

ಒಂದೇ ಮನೆಯಲ್ಲಿ ಕೊಟ್ಟಿಗೆಯಲ್ಲಿ ಒಂದು, ಒಲೆಯ ಮುಂದೆ ಇನ್ನೊಂದು ಮಾಡುವ ಈ ಮುದುಕಿಗೆ ಏನು ಬೇಕು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಈಗ ಅನ್ನಿಸುವುದು, ಅವಳಿಗೆ ಬೇರೇನೂ ಬೇಕಿರಲಿಲ್ಲ. ಹಂಚು ಒಡೆಯಬಾರದು, ಮೊಮ್ಮಗಳು ಮಡಿಲಲ್ಲಿರಬೇಕು. ಬದುಕಿದ್ದಾಗ ಬೇಕಾಗಿದ್ದದ್ದೂ ಅಷ್ಟೇ.

ಹೊಸ ಹಂಚನ್ನು ಕಾಯಿಸಿದ ದಿನ ನಾನೂ ಇದ್ದೆ. ಮೊದಲು ಹುಲ್ಲಿನ ಬೆಂಕಿ, ಆಮೇಲೆ ಕಡ್ಡಿ, ಆಮೇಲೆ ಕೆಂಡ. ಹಸಿ ಎಲ್ಲಾದರೂ ಉಳಿದಿದ್ದರೆ ಟಪ್ ಎಂದು ಸೀಳುತ್ತದೆ, ಅಲ್ಲಿಗೆ ಮುಗಿಯಿತು, ಮುಂದಿನ ಮೇ ತಿಂಗಳವರೆಗೆ ಕಾಯಬೇಕು. ಕಾಯಲು ಮಗು ಇರುತ್ತಿರಲಿಲ್ಲ. ಹಂಚು ಕಪ್ಪಾಯಿತು, ಕೆಂಪಾಯಿತು. ಒಮ್ಮೆ ಒಳಗಿನಿಂದ ಕಿರ್ ಎಂದಿತು. ಪೆರ್ಸಿದಾ ನನ್ನ ಕೈಯನ್ನು ಎಷ್ಟು ಹಿಚುಕಿದಳೆಂದರೆ ಉಗುರಿನ ಗುರುತು ವಾರ ಇತ್ತು. ಹಂಚು ಸೀಳಲಿಲ್ಲ. ಹಂದಿಯ ಕೊಬ್ಬು ಸವರಿ, ಹಿಟ್ಟು ಹಾಕಿ, ಮುಚ್ಚಿದಳು. ಮುಚ್ಚಳ ತೆಗೆದಾಗ ರೊಟ್ಟಿ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅಂಚು ಪೂರ್ತಿ ಇತ್ತು. ಯಾರೂ ಚಿವುಟಿರಲಿಲ್ಲ.

ಪೆರ್ಸಿದಾ ಅಂಚಿನಿಂದ ಒಂದು ಚೂರು ಚಿವುಟಿ ತಾನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಮಗುವಿನ ತುಟಿಗೆ ಹಿಡಿದಳು. ರುಮೆನಾ ಒಲೆಯ ಬದಿಯ ಖಾಲಿ ಜಾಗದತ್ತ ನೋಡಿದಳು, ಅಪ್ಪಣೆ ಕೇಳುವವಳ ಹಾಗೆ. ಆಮೇಲೆ ಬಾಯಿ ತೆರೆದಳು. ನುಂಗಿದಳು. ಇನ್ನೊಂದು ಚೂರು ಬೇಡಿದಳು.

ಪೆರ್ಸಿದಾ ಹಳೆಯ ಹಂಚಿನಲ್ಲಿ ಕೊನೆಯ ರೊಟ್ಟಿ ಸುಟ್ಟಳು. ಒಂದು ಚೂರೂ ಮುರಿಯದೆ ಅದನ್ನು ಹೊಸ್ತಿಲಿನಾಚೆ ಇಟ್ಟಳು. ಬರಿಗಾಲಲ್ಲಿ, ಬಿಸಿ ಹಂಚನ್ನು ಬಟ್ಟೆಯಲ್ಲಿ ಹಿಡಿದು ನಿಂತಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

"ಕಲಿಸಲಿಲ್ಲ ಅಂತ ಸಿಟ್ಟಿತ್ತು ಅತ್ತೆ. ಈಗಿಲ್ಲ" ಅಂದಳು. "ಮಗು ನಂದು. ನೀವು ಹೋಗಿ."

ಹೋಗಿ ಬನ್ನಿ ಅನ್ನಲಿಲ್ಲ. ಹಂಚನ್ನು ಹೊಸ್ತಿಲಿಗೆ ಅಪ್ಪಳಿಸಿದಳು. ಗುಡ್ಡಕ್ಕೆಲ್ಲ ಕೇಳಿಸುವಂಥ ಸದ್ದು. ಒಳಗೆ ರುಮೆನಾ ಒಮ್ಮೆ ಬೆಚ್ಚಿ ಜೋರಾಗಿ ಅಳಲು ಶುರುಮಾಡಿದಳು, ಎಷ್ಟೋ ದಿನಗಳ ಮೇಲೆ ಆ ಮಗು ಗಟ್ಟಿಯಾಗಿ ಅತ್ತದ್ದು. ಪೆರ್ಸಿದಾ ಅವಳತ್ತ ಓಡುವಾಗ ಚೂರೊಂದನ್ನು ತುಳಿದಳು. ಬಲಗಾಲಿನ ಹಿಮ್ಮಡಿ ಅಡ್ಡಡ್ಡ ಸೀಳಿತು. ಗಾಯ ಮಾಯಿತು, ಗೆರೆ ಉಳಿಯಿತು. ಅಂದಿನಿಂದ ಅವಳು ಎಲ್ಲಿ ಕಾಲಿಟ್ಟರೂ ಆ ಗೆರೆ ಮೂಡುತ್ತಿತ್ತು.

ಆಮೇಲಿನ ಅವಳ ಬದುಕು ಹೇಳುವುದಕ್ಕೆ ಹೆಚ್ಚಿಲ್ಲ. ಮೇಕೆ ಸಾಕಿದಳು, ಗಂಡನ ಕೆಮ್ಮಿಗೆ ಕಷಾಯ ಕುದಿಸಿದಳು, ಅವನು ಸತ್ತಾಗ ಕಳಿಸಿಕೊಟ್ಟಳು. ಅವಳ ಹಂಚಿನ ಅಂಚು ಕೊನೆಯವರೆಗೂ ಒಂದು ಕಡೆ ದಪ್ಪವೇ. ಆದರೆ ಊರಿಗೆ ಬಂದ ಯಾವ ಸೊಸೆಯೂ ಮಣ್ಣು ತುಳಿಯಲು ಬಾರದೆ ಅಳುವಂತಾಗಲಿಲ್ಲ. ಮೇ ಬಂದರೆ ಪೆರ್ಸಿದಾ ತಾನೇ ಹೋಗಿ ಕೈ ಹಿಡಿದು ಕರೆತಂದು ತನ್ನ ಅಂಗಳದಲ್ಲಿ ಬೂಟು ಬಿಚ್ಚಿಸುತ್ತಿದ್ದಳು. ಜಾರಿ ಬಿದ್ದವಳಿಗೆ, "ನಾನು ತಗಡಿನ ರೊಟ್ಟಿಯವಳು ಕಣೇ, ನಂಗೇ ಬಂತು, ನಿಂಗೆ ಬರಲ್ವಾ?" ಅನ್ನುತ್ತಿದ್ದಳು. ರುಮೆನಾ ಗಟ್ಟಿಮುಟ್ಟಾಗಿ ಬೆಳೆದು, ಇದೇ ಊರಲ್ಲಿ ಮದುವೆಯಾಗಿ, ತಾಯಿಯ ಮನೆಯಲ್ಲೇ ನೆಲೆಸಿ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ತಡವಾಗಿ ಒಂದು ಹೆಣ್ಣು ಮಗುವಾಯಿತು. ಅಜ್ಜಿ ಮೊಮ್ಮಗಳು ಒಂದೇ ಜೀವ.

ಹೋದ ಚಳಿಗಾಲದಲ್ಲಿ ಪೆರ್ಸಿದಾ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ, ರುಮೆನಾ ನನ್ನ ಹಂಚು ಒಡೆಯಲು ಒಪ್ಪುವುದಿಲ್ಲ, ನೀನು ಬಿಡಬೇಡ ಅಂದಳು. ಮಾತು ಕೊಟ್ಟೆ. ಹೆಣ ಹೊಸ್ತಿಲು ದಾಟಿದ ಮೇಲೆ ರುಮೆನಾ ಒಳಗೆ ಹೋಗಿ ಹೊರಗೆ ಬಂದಳು. ಅವಳ ಕೈಯಲ್ಲಿ ಬಿಳಿ ತಟ್ಟೆಯಿತ್ತು. ತಿಳಿಯದೆ ತಂದದ್ದಲ್ಲ, ಆ ಕತೆ ಕೇಳಿಕೊಂಡೇ ಬೆಳೆದವಳು. ಅವಳ ಪುಟ್ಟ ಮಗಳು ಲಂಗದ ಚುಂಗು ಹಿಡಿದು ನಿಂತಿದ್ದಳು. ನಾನು ಕೋಲೂರಿಕೊಂಡು ಒಳಗೆ ಹೋಗಿ, ಒಲೆಯ ಮೇಲಿದ್ದ ಹಂಚನ್ನು ತಂದು, ತಟ್ಟೆ ಕಿತ್ತುಕೊಂಡು ಹಂಚನ್ನು ಅವಳ ಕೈಗಿಟ್ಟೆ.

"ಒಡೆದ್ರೆ ಅಮ್ಮ ಬರಲ್ಲ ದೊಡ್ಡಮ್ಮ" ಅಂದಳು ರುಮೆನಾ, ಸಣ್ಣ ದನಿಯಲ್ಲಿ.

"ಬರಬಾರ್ದು ಅಂತಾನೇ ನಿಮ್ಮಮ್ಮ ನನ್ನ ಹತ್ರ ಮಾತು ತಗೊಂಡಿದ್ದು. ಮಗಳನ್ನ ನೋಡು, ಆಮೇಲೆ ಒಡಿ."

ಅವಳು ಮಗಳನ್ನು ನೋಡಿದಳು. ಒಡೆದಳು.

ಈ ಮೇ ತಿಂಗಳಲ್ಲಿ ರುಮೆನಾಳ ಅಂಗಳದಲ್ಲಿ ಮಣ್ಣು ತುಳಿದೆವು. ಸೂತಕವೆಂದು ಯಾರೂ ಹಿಂದೆ ಸರಿಯಲಿಲ್ಲ, ಪೆರ್ಸಿದಾ ಕೈ ಹಿಡಿದು ಕಲಿಸಿದವರೆಲ್ಲ ಬಂದರು. ನನಗೆ ತುಳಿಯಲಾಗುವುದಿಲ್ಲ, ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದೆ. ಮಣ್ಣು ಹದಕ್ಕೆ ಬರಲಿಲ್ಲ. ಗೋಣಿ ಹೊದಿಸಿ, ತುರಿಕೆ ಸೊಪ್ಪು ಹರಡಿ ಮನೆಗೆ ಹೋದೆವು.

ಬೆಳಕು ಹರಿಯುವಾಗ ನಾನು ಹೋದೆ. ರುಮೆನಾ ಆಗಲೇ ಅಲ್ಲಿದ್ದಳು. ಗೋಣಿ ಹೊದಿಸಿದ ಹಾಗೆಯೇ ಇತ್ತು, ಸೊಪ್ಪು ಹರಡಿದ ಹಾಗೆಯೇ ಇತ್ತು. ಇಬ್ಬರೂ ಸೇರಿ ಗೋಣಿ ಎತ್ತಿದೆವು. ರುಮೆನಾ ಮಂಡಿಯೂರಿ ಒಂದೊಂದೇ ಹೆಜ್ಜೆಯ ಗುರುತನ್ನು ನೋಡುತ್ತ ಹೋದಳು. ನನ್ನ ಕಣ್ಣು ಮಂಜು, ಆದರೂ ನಾನೂ ಬಗ್ಗಿ ಹುಡುಕಿದೆ, ಹಿಮ್ಮಡಿಯಲ್ಲಿ ಅಡ್ಡಗೆರೆಯಿರುವ ಒಂದು ಬಲಗಾಲು. ಎಲ್ಲವೂ ನಿನ್ನೆಯ ನಮ್ಮ ಹುಡುಗಿಯರದೇ ಹೆಜ್ಜೆಗಳು. ಮಣ್ಣು ಒತ್ತಿದರೆ ಒಡೆಯುತ್ತಿತ್ತು.

ರುಮೆನಾ ಬಹಳ ಹೊತ್ತು ಅತ್ತಳು, ನಾನೂ ಅತ್ತೆ. ಅಷ್ಟರಲ್ಲಿ ಮಗು ಎದ್ದು ಬಂದು ಹಸಿವು ಅಂದಿತು. ರುಮೆನಾ ಕಣ್ಣೊರೆಸಿಕೊಂಡು, ಅದರ ಬೂಟು ಕಳಚಿ, ಮಣ್ಣಿನ ಅಂಚಿನಲ್ಲಿ ಇಳಿಸಿ, ಎರಡೂ ಕೈ ಹಿಡಿದುಕೊಂಡು ಮೊದಲಿನಿಂದ ತುಳಿಯಲು ಶುರುಮಾಡಿದಳು.